ಹರಿದ ಮೀನಖಂಡ

ಸುನಾಮಿಯ ಮರುವರ್ಷದ ಮಾತು. ಮೀಟರ್ ರೀಡಿಂಗಿಗೆಂದು ಕಾರವಾರಕ್ಕೆ ಹೋದವನು, ಕಡಲ ದಂಡೆಯಲ್ಲಿ ರಂಪಣಿ ಬಲೆ ಎಳೆಯುವುದನ್ನು ಕಂಡು ನಿಂತೆ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲುಂಟು. ಬಂಗಡೆಯ ಆಸೆಗೆ ನಾನೂ ಎಳೆದೆ. ಮೊಣಕಾಲ ಕೆಳಗೆ ಹಿಂಬದಿಯ ಮೀನಖಂಡದಲ್ಲಿ ಟಪ್ ಎಂದಿತು.

ಮರುದಿನ ಅಂಕೋಲೆಯ ಮನೆಯಲ್ಲಿ ನೋಡಿಕೊಂಡರೆ ಕಾಲು ಊದಿ, ನೀಲಿಗಟ್ಟಿ, ಕೆಂಡದಂತೆ ಸುಡುತ್ತಿತ್ತು. ನಂಜೇರಿದೆ, ಇನ್ನು ಕತ್ತರಿಸುತ್ತಾರೆ ಎಂದುಕೊಂಡು ಕುಂಟುತ್ತ ದವಾಖಾನೆಗೆ ಹೋದೆ.

ಡಾಕ್ಟರು ಒತ್ತಿ ನೋಡಿದರು. "ಸ್ನಾಯು ಹರಿದಿದೆ, ಅಷ್ಟೇ. ಈ ಊತ ನಿನ್ನ ರಕ್ತದ ಬಿಳಿ ಕಣಗಳದ್ದೇ ಕೆಲಸ. ಸತ್ತ ಮಾಂಸ ತಿಂದು ಚೊಕ್ಕ ಮಾಡ್ತಾವೆ. ಆಮೇಲೆ ಹೊಸ ಸ್ನಾಯು ಬೆಳೆಯೋದಕ್ಕೂ ಅವೇ ಸಹಾಯ ಮಾಡ್ತಾವೆ."

‘ತಿಂದು’ ಎಂದ ಮೇಲೆ ನನಗೇನೂ ಕೇಳಿಸಲಿಲ್ಲ. "ನನ್ನನ್ನೇ ತಿಂತಾವಾ ಡಾಕ್ಟರ್ರೇ?"

"ಸತ್ತದ್ದನ್ನ ಮಾತ್ರ ಮಾರಾಯಾ."

"ಸತ್ತದ್ದು ಯಾವುದು, ಬದುಕಿದ್ದು ಯಾವುದು ಅಂತ ಅವಕ್ಕೆ ಹೆಂಗೆ ಗೊತ್ತಾಗ್ತದೆ?"

ಅವರು ಪೆನ್ನು ಕೆಳಗಿಟ್ಟು ಸ್ವಲ್ಪ ಯೋಚಿಸಿದರು. "ಗೊತ್ತಾಗ್ತದೆ. ನೀ ಕಾಲು ಮೇಲಿಟ್ಟು ಸುಮ್ನೆ ಮಲಕೋ."

ಅವರು ಯೋಚಿಸಿದ್ದೇ ನನ್ನನ್ನು ಹೆದರಿಸಿತು. ವಾರವಿಡೀ ಮಲಗಿದೆ, ಆದರೆ ಸುಮ್ಮನೆ ಮಲಗಲಿಲ್ಲ. ಗಳಿಗೆಗೊಮ್ಮೆ ಆ ಕಾಲಿನ ಬೆರಳು ಅಲ್ಲಾಡಿಸುತ್ತಿದ್ದೆ, ಅದರೊಳಗೆ ಊಟಕ್ಕೆ ಕೂತವರಿಗೆ ನಾನಿನ್ನೂ ಬದುಕಿದ್ದೇನೆಂದು ಗೊತ್ತಿರಲಿ ಅಂತ.