ಆಸ್ಪತ್ರೆ ವರಾಂಡದಲ್ಲಿ ಕುಬಸ

ಮೊನ್ನೆ ಮಗಳ ಹೊಸ ಜೀನ್ಸ್ ಪ್ಯಾಂಟನ್ನು ಬಕೆಟ್ಟಿಗೆ ಹಾಕಿದೆ. ನೀರು ನೀಲಿಯಾಯಿತು, ಅದರ ಹಿಂದೆಯೇ ಆ ವಾಸನೆ ಎದ್ದಿತು. ಗಂಜಿ, ಬಣ್ಣ, ಜೊತೆಗೆ ಸೀಮೆಎಣ್ಣೆ ಥರದ್ದೇನೋ... ಆಂಧ್ರ ಗಡಿಯ ರಾಯದುರ್ಗದ ಹೊಲಿಗೆ ಯೂನಿಟ್ಟುಗಳಲ್ಲಿ ಬೆನ್ನು ಬಗ್ಗಿಸಿದವರಿಗೆ ಅದು ಗೊತ್ತು. ಊಟಕ್ಕೆ ಕೂತರೆ ಕೈಯಲ್ಲಿ, ಮಲಗಿದರೆ ದಿಂಬಿನಲ್ಲಿ ಅದೇ ವಾಸನೆ. ಬಕೆಟ್ಟಿನ ಮುಂದೆ ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಕಾಜಾ ಅಕ್ಕ ಬೆನ್ನ ಹಿಂದೆ ನಿಂತು ಬೈದ ಹಾಗಾಯಿತು.

ಕಾಜಾ ಅಂದರೆ ಗುಂಡಿ ಹಾಕುವ ತೂತು. ಅವಳು ಕಾಜಾ ಮಿಷಿನ್ನಿನ ಮೇಲೆ ಕೂರುತ್ತಿದ್ದಳು, ಅದಕ್ಕೇ ಎಲ್ಲರಿಗೂ ಕಾಜಾ ಅಕ್ಕ. ನಮ್ಮ ವಠಾರದಲ್ಲಿ ಅವಳದೂ ನನ್ನದೂ ಗೋಡೆಗೆ ಗೋಡೆ ಹತ್ತಿದ ಮನೆ. ನಾನು ಮಡಕಶಿರಾ ತಾಲ್ಲೂಕು, ಹೇಮಾವತಿ ಕಡೆಯ ಹಳ್ಳಿಯವಳು. ಗಂಡ ಜೀನ್ಸ್ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್, ಅವನ ಹಿಂದೆ ಈ ಊರಿಗೆ ಬಂದೆ. ನಾನು ‘ಓಗ್ತೀನಿ’ ಅಂದರೆ ಸಾಕು, ಅಕ್ಕ ಶುರು ಹಚ್ಚಿಕೊಳ್ಳುತ್ತಿದ್ದಳು. “ಏ ಹುಡುಗಿ, ಹಕಾರ ಎಲ್ಲಿ ಬಿಟ್ಟು ಬಂದಿಬೇ? ಬಸ್ಸಿನಾಗ ಏನು?”

ಒಳ್ಳೆಯವಳು ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ನಲ್ಲಿ ನೀರಿಗೆ ನನ್ನ ಮೇಲೆ ಕೊಡ ಎತ್ತಿಕೊಂಡು ಬಂದವಳು. ಸಂಜೆಗೆ ಅವಳೇ ಜೋಳದ ರೊಟ್ಟಿ, ಪುಂಡಿಪಲ್ಲೆ ತಂದು ಇಡುತ್ತಿದ್ದಳು. “ತಿನ್ನು. ನಾಳೆ ಮತ್ತ ಜಗಳ ಆಡಾಕ ಶಕ್ತಿ ಬೇಕಲ್ಲ” ಅನ್ನುತ್ತಿದ್ದಳು.

ಆಗ ನಮ್ಮ ಹೆಂಗಸರ ಬಾಯಲ್ಲಿ ಒಂದು ಮಾತಿತ್ತು, ‘ಬರದ್ರು’. ಹೆರಿಗೆಗೆ ಹೋದವಳು ಏನಾದಳು ಅಂದರೆ ‘ಬಳ್ಳಾರಿ ಬರದ್ರು’ ಅನ್ನೋರು. ಅಂದರೆ, ಇಲ್ಲಿ ಆಗಲ್ಲ, ಬಳ್ಳಾರಿಗೆ ಕರಕೊಂಡು ಹೋಗಿ ಅಂತ ಚೀಟಿ ಬರೆದು ಕೈಗೆ ಕೊಟ್ಟರು. ಹೆರಿಗೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಕುರ್ಚಿ ಇತ್ತು, ಕುರ್ಚಿ ಮೇಲೆ ಟವಲ್ಲೂ ಇತ್ತು, ಡಾಕ್ಟರಮ್ಮ ಒಬ್ಬರು ಇರಲಿಲ್ಲ. ಮಂಚಕ್ಕೆ ಪರದೆ ಇಲ್ಲ, ಬಚ್ಚಲಿಗೆ ನೀರಿಲ್ಲ. ನೋವು ತಿನ್ನುವವಳು ಕೂಗಿದರೆ ‘ಗಂಡನ ಪಕ್ಕ ಮಲಗುವಾಗ ಗೊತ್ತಾಗಲಿಲ್ವಾ’ ಅಂತ ಆಯಾಗಳಿಂದ ತೊಡೆಗೆ ಏಟು. ಇದನ್ನೆಲ್ಲ ಬರೆಯೋಕೆ ನನಗೆ ಯಾಕೆ ನಾಚಿಕೆ? ಅಂದವರಿಗೆ ಆಗಬೇಕು.

ಕಾಜಾ ಅಕ್ಕನ ಪಕ್ಕದ ಮಿಷಿನ್ನಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಪ್ಯಾಂಟಿನ ಸೊಂಟಕ್ಕೆ ಬೆಲ್ಟು ತೂರಿಸುವ ಲೂಪು ಹೊಲಿಯೋದು ಅವಳ ಕೆಲಸ. ಚೊಚ್ಚಲ ಬಸುರಿ. ಲೂಪು ಸೊಟ್ಟ ಹೋದಾಗೆಲ್ಲ ಅಕ್ಕನಿಂದ ಮಂಗಳಾರತಿ ಆಗುತ್ತಿತ್ತು, ಆದರೆ ಆ ಹುಡುಗಿ ನಗುತ್ತಲೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಒಂದು ಬೆಳಿಗ್ಗೆ ನೋವು ಬಂತು ಅಂತ ಆಸ್ಪತ್ರೆಗೆ ಸೇರಿಸಿದರು. ಮಧ್ಯಾಹ್ನದವರೆಗೂ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ನೋಡಿದವರು ಬಳ್ಳಾರಿ ಬರೆದರು. ಆಸ್ಪತ್ರೆ ಗಾಡಿ ಸಿಗಲಿಲ್ಲ, ಆಟೋದಲ್ಲಿ ಹೊರಟರು. ಬಳ್ಳಾರಿ ಮುಟ್ಟೋದರೊಳಗೆ ತಾಯಿನೂ ಇಲ್ಲ, ಕೂಸೂ ಇಲ್ಲ... ಆಟೋದ ನೆಲವೆಲ್ಲ ರಕ್ತ ಅಂತ ಅವಳ ಗಂಡ ಹೇಳುತ್ತಿದ್ದ. ಅಷ್ಟನ್ನೇ ಹೇಳುತ್ತಿದ್ದ, ಬೇರೆ ಮಾತೇ ಬರುತ್ತಿರಲಿಲ್ಲ.

ಮಾರನೇ ದಿನ ಅಕ್ಕ ಆಸ್ಪತ್ರೆಗೆ ಹೋದಳು, ಹಿಂದೆ ನಾನೂ. ಅಲ್ಲಿದ್ದ ನರ್ಸಮ್ಮ ತೆಲುಗಿನವಳು. “ಏಂ ಚೇಸ್ತಾಂ ಅಮ್ಮಾ, ದಾನಿ ತಲರಾತ” ಅಂದಳು. ಏನು ಮಾಡೋಣ, ಅವಳ ಹಣೆಬರಹ ಅಂತ. ಅಕ್ಕನಿಗೆ ಎಲ್ಲಿತ್ತೋ ಸಿಟ್ಟು!

“ಅದು ಬ್ರಹ್ಮ ಬರೆದಿದ್ದಲ್ಲ ತಾಯಿ. ನೀ ಬರೆದಿದ್ದು. ನಿನ್ನ ಪೆನ್ನು ಇಲ್ಲೇ ಐತಿ ನೋಡು, ಜೇಬಿನಾಗ.”

ನರ್ಸಮ್ಮ ಜೇಬು ಮುಟ್ಟಿಕೊಂಡಳು. ಪಾಪ, ಅವಳೊಬ್ಬಳದೇ ತಪ್ಪು ಅಂತ ನಾನು ಈಗಲೂ ಹೇಳಲ್ಲ. ಎರಡು ವಾರ್ಡಿಗೆ ಅವಳೊಬ್ಬಳೇ ಇದ್ದಳು. ಡಾಕ್ಟರಿಲ್ಲದ ಆಸ್ಪತ್ರೆಯಲ್ಲಿ ಅವಳು ತಾನೇ ಇನ್ನೇನು ಬರೆದಾಳು?

ಆಗ ನನಗೆ ಏಳನೇ ತಿಂಗಳು. ಆ ಆಟೋ ಕಣ್ಣ ಮುಂದಿಂದ ಹೋಗುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು, ಆದರೆ ನನಗೆ ಅಮ್ಮ ಇರಲಿಲ್ಲ. ಅಣ್ಣನಿಗೆ ಹೇಳಿ ಕಳಿಸಿದರೆ, ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು, ಮನೆಯಲ್ಲಿ ಕಾಲಿಡೋಕೂ ಜಾಗ ಇಲ್ಲ, ಅಲ್ಲೇ ನೋಡ್ಕೋ ಅಂದ. ಹುಳಕ್ಕಿಂತ ಕಡೆಯಾದೆನಾ ಅಂತ ಗೋಡೆ ಕಡೆ ತಿರುಗಿ ಅತ್ತೆ. ಗೋಡೆಯಾಚೆ ಅಕ್ಕನಿಗೆ ಕೇಳಿಸಿತು. ಸೀದಾ ಬಂದು ಬಾಗಿಲಲ್ಲಿ ನಿಂತಳು.

“ನೀ ಇಲ್ಲೇ ಹಡಿಬೇಕು. ಇದೇ ಊರಾಗ, ಅದೇ ಆಸ್ಪತ್ರ್ಯಾಗ, ಡಾಕ್ಟರಮ್ಮ ಎದುರಿಗೆ ನಿಂತು ಹಡಿಸಬೇಕು. ನಾಡಿದ್ದು ನಿನ್ನ ಕುಬಸ.”

ನಮ್ಮ ಕಡೆ ಸೀಮಂತ ಅನ್ನೋದನ್ನ ಇವರು ಕುಬಸ ಅಂತಾರೆ. ತವರಿನವರು ಹಸಿರು ಸೀರೆ, ಹೊಸ ಕುಬಸ ಅಂದರೆ ರವಿಕೆ ತಂದು ಬಸುರಿಯನ್ನು ಮಣೆ ಮೇಲೆ ಕೂರಿಸಿ ಉಡಿ ತುಂಬುತ್ತಾರೆ. ತವರೇ ಇಲ್ಲದವಳಿಗೆ ಎಂಥ ಕುಬಸ ಅಕ್ಕಾ ಅಂದೆ. “ನಾ ಸತ್ತೀನೇನು?” ಅಂದಳು.

ಆ ದಿನ ಹಸಿರು ಸೀರೆ ಉಡಿಸಿ ನನ್ನ ಕೈ ಹಿಡಿದು ನಡೆಸಿಕೊಂಡು ಹೊರಟಳು. ದೇವಸ್ಥಾನಕ್ಕೆ ಅಂದುಕೊಂಡೆ. ಬೀದಿ ತಿರುಗಿದರೆ ಹೆರಿಗೆ ಆಸ್ಪತ್ರೆ! ಗೇಟಿನ ಮುಂದೆ ಯೂನಿಟ್ಟಿನ ಹೆಂಗಸರೆಲ್ಲ ನಿಂತಿದ್ದರು. ಅವತ್ತು ಒಂದು ಮಿಷಿನ್ನೂ ಓಡಲಿಲ್ಲ. ವರಾಂಡದಲ್ಲಿ, ಡಾಕ್ಟರಮ್ಮನ ಖಾಲಿ ಕುರ್ಚಿ ಕಾಣುವ ಬಾಗಿಲಿಗೆ ಎದುರಾಗಿ, ಮಣೆ ಹಾಕಿ ನನ್ನನ್ನು ಕೂರಿಸಿದರು. ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ಬಿತ್ತು. ಸೋಬಾನೆ ಶುರುವಾಯಿತು. ಒಳಗೆ ಮಲಗಿದ್ದ ಬಾಣಂತಿಯರು ಕೂಸು ಎತ್ತಿಕೊಂಡು ನೋಡೋಕೆ ಬಂದರು. ಬಸ್ ಸ್ಟ್ಯಾಂಡಿನ ಮಂದಿಯೂ ಬಂದು ಸೇರಿದರು.

ಯಾರೋ ಫೋನ್ ಮಾಡಿದ್ದರು, ಪೊಲೀಸ್ ಜೀಪು ಬಂತು. ಎಸ್ಸೈ ಇಳಿದವರೇ ಧರ್ನಾಕ್ಕೆ ಪರ್ಮಿಷನ್ ಇದೆಯಾ ಅಂತ ತೆಲುಗಿನಲ್ಲಿ ಗದರಿದರು.

“ಧರ್ನಾ ಕಾದು ಸಾರ್, ಶ್ರೀಮಂತಂ!” ಧರ್ನಾ ಅಲ್ಲ, ಸೀಮಂತ ಅಂತ ಅಕ್ಕ ಕೈ ಮುಗಿದಳು. ಆಮೇಲೆ ಕನ್ನಡದಲ್ಲಿ, “ಬರ್ರಿ ಸಾಹೇಬ್ರ, ಹೋಳಿಗಿ ಐತಿ, ಉಂಡು ಹೋಗ್ರಿ.”

ನಗೆಯೋ ನಗೆ. ಎಸ್ಸೈ ಮೀಸೆಯಲ್ಲೇ ನಕ್ಕು, ಬೇಗ ಮುಗಿಸಿ, ಇದು ಆಸ್ಪತ್ರೆ ಅಂದರು.

“ಆಸ್ಪತ್ರಿ ಅಂತ ನೀವಾದ್ರೂ ಅಂದ್ರಲ್ಲ, ಪುಣ್ಯಾ ಬರಲಿ. ಆರತಿ ಆದ ಕೂಡಲೇ ಏಳತೀವಿ ರೀ. ಆರತಿ ಆಗದ ಬಸುರೀನ ಮಣಿ ಮ್ಯಾಲಿಂದ ಎಬ್ಬಿಸಬಾರದು, ನಿಮ್ಮ ಮನ್ಯಾಗೂ ಹೆಣ್ಮಕ್ಕಳು ಅದಾರ.”

“ಆರತಿ ಯಾವಾಗ?”

“ಡಾಕ್ಟರಮ್ಮ ಬಂದ ಮ್ಯಾಲೆ.”

ಬಸುರಿಯನ್ನು ಮಣೆಯಿಂದ ಎಳೆದು ಎಬ್ಬಿಸುವ ಗಂಡಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಎಸ್ಸೈ ಪಕ್ಕಕ್ಕೆ ಹೋಗಿ ಫೋನಿನ ಮೇಲೆ ಫೋನ್ ಮಾಡಿದರು. ನನ್ನ ಸೊಂಟ ಬಿದ್ದು ಹೋಗುತ್ತಿತ್ತು, ಕಾಲು ಜೋಮು ಹಿಡಿದಿತ್ತು. ಏಳಲಾ ಅಕ್ಕಾ ಅಂತ ಪಿಸುಗುಟ್ಟಿದೆ. “ಈಗ ಎದ್ದರ ಆಮ್ಯಾಲೆ ಆಟೋದಾಗ ಮಲಗಬೇಕಾಕ್ಕೈತಿ” ಅಂದಳು. ಕೂತೆ. ನಿಜ ಹೇಳಬೇಕೆಂದರೆ, ಆಮೇಲೆ ನನಗೂ ಹಟ ಬಂತು.

ಬಿಸಿಲು ಇಳಿಯುವ ಹೊತ್ತಿಗೆ ಜಿಲ್ಲೆಯಿಂದ ಆರೋಗ್ಯ ಇಲಾಖೆಯ ದೊಡ್ಡ ಸಾಹೇಬರು ಬಂದರು. ಜೊತೆಗೆ, ಎಲ್ಲಿಂದ ಹಿಡಿದು ತಂದರೋ, ಒಬ್ಬ ಡಾಕ್ಟರಮ್ಮ. ಅಕ್ಕ ಬಗಲಿಂದ ಒಂದು ಹೊಸ ಕುಬಸ ತೆಗೆದು ಸಾಹೇಬರ ಕೈಗಿಟ್ಟಳು. ನನ್ನದಲ್ಲ, ನನ್ನದು ಆಗಲೇ ಉಡಿಯಲ್ಲಿತ್ತು.

“ಎವರಿಕಮ್ಮಾ ಇದಿ?” ಯಾರಿಗೆ ಇದು ಅಂತ ಕೇಳಿದರು.

“ನೀವು ಬಳ್ಳಾರಿ ಬರೆದು ಕಳಿಸಿದ್ರಲ್ಲ, ಲೂಪಿನ ಹುಡುಗಿ, ಅಕೀದು. ಅಕಿ ಅಳತಿಗೇ ಹೊಲದೀನಿ. ಏಳನೇ ತಿಂಗಳಾಗ ಕುಬಸ ಮಾಡೂಣು ಅಂದಿದ್ವಿ, ಕೆಲಸದ ಗಡಿಬಿಡ್ಯಾಗ ಆಗಲಿಲ್ಲ. ಈಗ ನೀವು ಹೋಗಿ ಕೊಟ್ಟು ಬರ್ರಿ.”

ಸೋಬಾನೆ ನಿಂತಿತು. ಸಾಹೇಬರು ಅದನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಕೊನೆಗೆ, ಈ ಡಾಕ್ಟರಮ್ಮ ಇನ್ನು ಇಲ್ಲೇ ಇರ್ತಾರೆ ಅಂದರು. ಮಣೆ ಮೇಲಿನ ಬಸುರಿ ಎದುರು ಕೊಟ್ಟ ಮಾತು ಇದು, ತಪ್ಪಬಾರದು ಅಂತ ಅಕ್ಕ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಆಮೇಲೆಯೇ ಆರತಿ. ಅಷ್ಟು ಹೊತ್ತು ಅವಳ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಆರತಿ ತಟ್ಟೆ ಎತ್ತಿದಾಗ ಮಾತ್ರ ಕುಂಕುಮದ ನೀರು ನನ್ನ ಸೀರೆ ಮೇಲೆಲ್ಲ ಚೆಲ್ಲಿತು.

ನನ್ನ ಮಗಳು ಅಲ್ಲೇ ಹುಟ್ಟಿದಳು. ಆಯಾಗಳ ಬಾಯಿ ಪೂರ್ತಿ ಸುಮ್ಮನಾಗಿರಲಿಲ್ಲ, ಆದರೆ ನನ್ನ ತಲೆ ಕಡೆ ಅಕ್ಕ ನಿಂತಿದ್ದಳು, ಹಾಗಾಗಿ ಕೈ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. ಡಾಕ್ಟರಮ್ಮ ಒಳ್ಳೆಯವರು. ಕೆಲವು ವರ್ಷ ಇದ್ದರು, ಎಷ್ಟೋ ಹೆಣ್ಣುಮಕ್ಕಳು ಉಳಿದರು. ಆಮೇಲೆ ಅವರಿಗೆ ವರ್ಗ ಆಯಿತು.

ಯೂನಿಟ್ಟು ಮುಚ್ಚಿದ ಮೇಲೆ ಅಕ್ಕ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಳು. ಅಲ್ಲಿಯೂ ಯಾರ ಜೊತೆಯೋ ನೀರಿಗೆ ಜಗಳ ಆಡಿದೆ ಅಂತ ಫೋನಿನಲ್ಲಿ ನಗುತ್ತಿದ್ದಳು. ಆಮೇಲೆ ಎದೆನೋವು ಅಂದರು... ಸುದ್ದಿ ಕೇಳಿ ಬಸ್ಸು ಹತ್ತಿದೆ, ತಲುಪುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಮುಖ ಸಿಗಲಿಲ್ಲ. ಅಮ್ಮ ಹೋದಾಗ ನಾನು ಅಷ್ಟು ಅತ್ತಿರಲಿಲ್ಲ.

ಆ ಕುರ್ಚಿ ಈಗ ಮತ್ತೆ ಖಾಲಿ. ಹೋದ ವಾರ ನಮ್ಮ ಬೀದಿಯ ಸೊಸೆಯೊಬ್ಬಳಿಗೆ ‘ಬರೆದರು’. ಅವಳು ಉಳಿದಳು, ಕೂಸು ಉಳಿಯಲಿಲ್ಲ. ಅವಳ ಮನೆಯಲ್ಲಿ ಕೂತು ಮಾತಾಡಿಕೊಂಡೆವು. ಸೋಮವಾರ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಅಕ್ಕನಿಗಿದ್ದ ಧೈರ್ಯ ನಮ್ಮಲ್ಲಿ ಯಾವ ಒಬ್ಬಳಿಗೂ ಇಲ್ಲ. ಅದಕ್ಕೇ ಎಲ್ಲರೂ ಹೋಗುತ್ತಿದ್ದೇವೆ.