ಕೆರಗೋಡಿನ ಅಜ್ಜಿ ಮತ್ತು ನನ್ನ ಬೇಸ್ ಗಿಟಾರು

ಎಪ್ಪತ್ತರ ದಶಕದಲ್ಲಿ ನಾನು ಆರ್ಕೆಸ್ಟ್ರಾ ಒಂದರಲ್ಲಿ ಬೇಸ್ ಗಿಟಾರು ನುಡಿಸುತ್ತಿದ್ದೆ. ಹಾಡಿನ ತಳದಲ್ಲಿ ದುಮ್ಮೆನ್ನುವ ಸದ್ದು ಅದರದು. ಇದ್ದಾಗ ಯಾರೂ ಗಮನಿಸುವುದಿಲ್ಲ. ಕೆರಗೋಡಿನ ಮದುವೆಯೊಂದರಲ್ಲಿ ಎರಡು ಹಾಡು ಮುಗಿಯುತ್ತಿದ್ದಂತೆ ಹೆಣ್ಣಿನ ತಂದೆ ಗೌಡರು ವೇದಿಕೆಗೇ ಬಂದು, ನನ್ನ ಪಕ್ಕದಲ್ಲಿದ್ದ ಇನ್ನೊಬ್ಬ ಗಿಟಾರಿನವನತ್ತ ಕೈ ತೋರಿಸಿದರು.

"ಅವನ ಗಿಟಾರಿಗೆ ಆರು ತಂತಿ ಅವೆ, ನಿಂದ್ರಲ್ಲಿ ನಾಕೇ. ಎರಡು ಕಿತ್ತೋಗವಾ?"

"ಇಲ್ಲ ಗೌಡ್ರೆ, ಇದಕ್ಕಿರೋದೇ ನಾಲ್ಕು."

"ಅದ್ಕೇ ನಿಂದೇನೂ ಕೇಳಾಕಿಲ್ಲ. ಓಗು, ಉಣ್ಣೋಗು. ಮಿಕ್ಕೋರು ನುಡಿಸ್ಲಿ."

ಮೈಯೆಲ್ಲ ಉರಿಯಿತು. ವೈರು ಕಿತ್ತು ಕೆಳಗಿಳಿದೆ. ಮುಂದಿನ ಹಾಡು ಶುರುವಾಯಿತು. ಅಷ್ಟರಲ್ಲಿ, ನನ್ನ ಸ್ಪೀಕರ್ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತಿದ್ದ ಗೌಡರ ತಾಯಿ ಕೂಗಿದರು. ಆಕೆಗೆ ಕಿವಿ ಪೂರ್ತಿ ಹೋಗಿತ್ತು.

"ಯಾಕ್ಲಾ ನಿಲ್ಲಿಸ್ಬುಟ್ರು? ಎದೆಗೆ ದುಮ್ ದುಮ್ ಅಂತ ಎಷ್ಟು ಚೆಂದಾಗಿ ಬತ್ತಿತ್ತು!"

ಗೌಡರು ಪೆಚ್ಚಾಗಿ ನನ್ನತ್ತ ಬೆರಳು ತೋರಿಸಿದರು.

"ಬಾರಿಸ್ತಿದ್ದೋನು ಇವನೊಬ್ನೇ ಕಣ್ಲಾ, ಇವನನ್ನೇ ಇಳಿಸಿದ್ಯಾ? ಮಿಕ್ಕೋರು ಸುಮ್ನೆ ಬಾಯಿ ಆಡಿಸ್ಕೊಂಡು ನಿಂತವ್ರೆ. ಅತ್ತಿಸ್ಲಾ ಮ್ಯಾಕೆ!"

ಗೌಡರೇ ನನ್ನ ಗಿಟಾರು ಹೊತ್ತು ತಂದು ವೇದಿಕೆ ಹತ್ತಿಸಿದರು. ಅಜ್ಜಿ ಕೊನೆಯ ಹಾಡಿನವರೆಗೂ ಪೆಟ್ಟಿಗೆಗೆ ಒರಗಿ ತಲೆದೂಗಿದರು.

ನಮ್ಮ ಗಾಯಕ ಈಗಲೂ ಸಿಗುತ್ತಿರುತ್ತಾನೆ. ಅವನು ತನ್ನ ಕಂಠದ ಬಗ್ಗೆ ಮಾತೆತ್ತಿದಾಗಲೆಲ್ಲ, ಕೆರಗೋಡಿನ ಅಜ್ಜಿ ಏನಂದಿದ್ದರು ಎಂದು ಕೇಳುತ್ತೇನೆ.