ನೆಂಟನಾಗಿ ಬಂದ ಹುಲಿ

ಹಳೆಯ ಚೌಕಟ್ಟಿನ ಹಿಂದಿನ ರಟ್ಟು ಕಿತ್ತಾಗ ಒಂದು ವಾಸನೆ ಬಂತು: ಒಲೆಯ ಹೊಗೆ, ಜಿರಲೆ, ಒಣಗಿದ ಗೋಂದು. ಮೆಲ್ಕಾರಿನ ಫ್ರೇಮಿನ ಅಂಗಡಿಯಲ್ಲಿ ನಿಂತಿದ್ದ ನನಗೆ ಪಾಣೆಮಂಗಳೂರಿನ ನಮ್ಮ ಮನೆಯ ಚಾವಡಿ ಹಾಗೆಯೇ ಕಣ್ಣೆದುರು ಬಂತು. ಆ ಮನೆ ಈಗಿಲ್ಲ, ಹೆದ್ದಾರಿ ಅಗಲವಾದಾಗ ಹೋಯಿತು. ಅಲ್ಲಿಂದ ನನ್ನ ಪಾಲಿಗೆ ಬಂದದ್ದು ಈ ಜಲವರ್ಣದ ಚಿತ್ರ ಒಂದೇ, ಅದೂ ಬೇರೆ ಯಾರಿಗೂ ಬೇಡವಾದದ್ದಕ್ಕೆ.

ಸಂಶಯ ನಮ್ಮ ಮನೆಯವರ ಹುಟ್ಟುಗುಣ. ಅಜ್ಜಿ ಮೀನಿನವಳ ಎದುರೇ ತಮ್ಮ ಸೊಟ್ಟ ಕಿರುಬೆರಳಿನಿಂದ ಬಂಗುಡೆಯ ಕಿವಿರು ಎತ್ತಿ, ಮೀನು ತಾಜಾವೇ ಎಂದು ನೋಡುತ್ತಿದ್ದರು. ಮಕ್ಕಳು ಹೊಟ್ಟೆನೋವು ಎಂದರೆ ಮೊದಲು ಹೋಂವರ್ಕ್ ಆಗಿದೆಯಾ ಎಂದು ಕೇಳುತ್ತಿದ್ದರು. ನಿಮ್ಮ ಮನೆಯಲ್ಲೂ ಅಂಥ ಒಬ್ಬರು ಇದ್ದಿರಬಹುದು. ಅಜ್ಜಿ ಹೇಳುತ್ತಿದ್ದ ಕತೆಯೂ ಹಾಗೆಯೇ. ಹುಲಿಯೊಂದು ಶಾಲು ಹೊದ್ದು ನೆಂಟನಾಗಿ ಬರುತ್ತದೆ. ಮನೆಯ ಮುದುಕಿ ಬೆಲ್ಲ, ನೀರು ಕೊಡುತ್ತಾಳೆ. ನೆಂಟರಾದರೆ ಚೊಂಬನ್ನು ಬಾಯಿಗೆ ತಾಗಿಸದೆ ಎತ್ತಿ ಕುಡಿಯಬೇಕಲ್ಲ. ಇವನು ಬಗ್ಗಿ ನಾಲಿಗೆ ಚಾಚುತ್ತಾನೆ. ಮುದುಕಿಗೆ ಗುಟ್ಟು ಗೊತ್ತಾಗುತ್ತದೆ.

ಆ ಕತೆಗೆ ಚಿತ್ರ ಬಿಡಿಸಿದ್ದೇನೆ ಎಂದು ಅಮ್ಮನ ತಮ್ಮ, ನಮ್ಮ ಸದಾಶಿವ ಮಾವ, ಒಂದು ಸಂಜೆ ಇದನ್ನು ಗಾಜು ಹಾಕಿಸಿಯೇ ತಂದರು. ಮಾವ ಮೂರು ಕೆಲಸ ಬಿಟ್ಟವರು, ಹಿಡಿದದ್ದು ಒಂದನ್ನೂ ಮುಗಿಸದವರು. ಚಿತ್ರದಲ್ಲಿ ಮುದುಕಿ ನಗುತ್ತಾ ಚೊಂಬು ಇಡುತ್ತಿದ್ದಾಳೆ. ಅವಳ ಇನ್ನೊಂದು ಕೈ ಮಾತ್ರ ಬೆನ್ನ ಹಿಂದೆ ಮಗುವಿನ ಲಂಗವನ್ನು ಮುಷ್ಟಿಯಲ್ಲಿ ಹಿಡಿದು ಒಳಕ್ಕೆ ಎಳೆಯುತ್ತಿದೆ. ಹುಲಿಯ ಹಳದಿ ಕಾಣುವುದು ಒಂದೇ ಕಡೆ, ಪಂಚೆಯ ಅಂಚಿನ ಕೆಳಗೆ, ಹೆಬ್ಬೆರಳಿನಷ್ಟು. ಇಷ್ಟು ಚಂದದ್ದು ಮಾವನ ಕೈಯಿಂದ ಬರುವುದುಂಟೆ? "ಮಂಗಳೂರಿಂದ ತಂದದ್ದಾಗಿರ್ಬೇಕು" ಎಂದರು ಅಜ್ಜಿ. ಹತ್ತು ವರ್ಷದ ಅಧಿಕಪ್ರಸಂಗಿಯಾದ ನಾನು ಶಾಲೆಯ ಬಣ್ಣದ ಪೆಟ್ಟಿಗೆ ತಂದು ಮಾವನ ಎದುರು ಇಟ್ಟೆ. "ಹಾಗಾದ್ರೆ ಈಗ ಬಿಡಿಸಿ, ನೋಡುವ."

ಮಾವ ಕೂತರು. ಸುತ್ತ ನಾವೆಲ್ಲ ನಿಂತೆವು. ನೋಟ್‌ಬುಕ್ಕಿನ ತೆಳು ಹಾಳೆಯಲ್ಲಿ ನೀರು ಹರಡಿ ಮುದುಕಿಯ ಮುಖ ಹುಲಿಯ ಮೈಗೆ ಸೇರಿಹೋಯಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. "ನೀನೂ ನಂಬುದಿಲ್ವಾ ಮಗಾ?" ಎಂದು ಕೇಳಿದರು. ಇಲ್ಲ ಎಂದೆ. ಬ್ರಷ್ಷನ್ನು ಚೆನ್ನಾಗಿ ತೊಳೆದು ನನ್ನ ಪೆಟ್ಟಿಗೆಯಲ್ಲೇ ಇಟ್ಟು ಎದ್ದು ಹೋದರು. ಚಂದವಿತ್ತಲ್ಲ, ಚಿತ್ರವನ್ನು ಮಾತ್ರ ಗೋಡೆಗೆ ತೂಗುಹಾಕಿಕೊಂಡೆವು. ಆಮೇಲೆ ಮಾವ ಬ್ರಷ್ ಹಿಡಿದದ್ದನ್ನು ಯಾರೂ ನೋಡಲಿಲ್ಲ. ಹೋದ ವರ್ಷ ತೀರಿಕೊಂಡರು.

"ಅಕ್ಕ, ಇದು ಪ್ರಿಂಟ್ ಅಲ್ಲ" ಎಂದರು ಫ್ರೇಮಿನ ಅಂಗಡಿಯವರು. "ಮುದುಕಿಯ ಸೀರೆ ನೋಡಿ, ಬಿಳಿ ಬಣ್ಣ ಹಚ್ಚಿದ್ದೇ ಇಲ್ಲ, ಕಾಗದವನ್ನೇ ಖಾಲಿ ಬಿಟ್ಟದ್ದು. ಮೊದಲೇ ಯೋಚನೆ ಮಾಡಿರ್ಬೇಕು, ಮತ್ತೆ ತಿದ್ದಲಿಕ್ಕೆ ಆಗುದಿಲ್ಲ." ನಾನು ಅವರನ್ನೂ ನಂಬಲಿಲ್ಲ; ದುಬಾರಿ ಫ್ರೇಮ್ ಮಾರುವ ಉಪಾಯ ಇರಬಹುದು ಎಂದುಕೊಂಡೆ. ಆಗ ಅವರು ಚಿತ್ರದ ಸುತ್ತಲಿನ ರಟ್ಟಿನ ಪಟ್ಟಿ ಎತ್ತಿದರು. ಇಷ್ಟು ವರ್ಷ ಮುಚ್ಚಿಕೊಂಡಿದ್ದ ಅಂಚಿನಲ್ಲಿ ಹಳದಿ ಸರಿಯಾಯಿತೇ ಎಂದು ನೋಡಲು ಎಳೆದ ಗೀಟುಗಳಿದ್ದವು. ಪೆನ್ಸಿಲಿನಲ್ಲಿ ಒಂದೇ ಕೈಯನ್ನು ಆರೇಳು ಸಲ ಬಿಡಿಸಿದ್ದಿತ್ತು. ಕಿರುಬೆರಳು ಸೊಟ್ಟ, ಅದು ಅಜ್ಜಿಯ ಕೈ. ಪಕ್ಕದಲ್ಲಿ ಮಾವನ ಅಕ್ಷರ: 'ಬೇಬಿಯ ಲಂಗ. ಮುಷ್ಟಿ ಇನ್ನೂ ಬಿಗಿಯಾಗಬೇಕು.' ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಬೇಬಿ ಎಂದು.

ಆ ದಿನ ಮಾವ ಚೌಕಟ್ಟಿನ ಹಿಂದಿನ ನಾಲ್ಕು ಮೊಳೆ ಕಿತ್ತು ಇದನ್ನು ತೋರಿಸಿದ್ದರೆ ಸಾಕಿತ್ತು. ಯಾಕೆ ತೋರಿಸಲಿಲ್ಲ? ಸಿಟ್ಟೋ, ಮನೆಯವರಿಗೂ ಸಾಕ್ಷಿ ಕೊಡಬೇಕಾ ಎಂಬ ಬೇಸರವೋ, ಇಲ್ಲ ನಕ್ಕ ನನ್ನನ್ನು ಎಲ್ಲರೆದುರು ಸಣ್ಣವಳನ್ನಾಗಿ ಮಾಡುವುದು ಬೇಡವೆಂದೋ. ಕೇಳೋಣವೆಂದರೆ ಅವರಿಲ್ಲ. ಅಂದು ನಕ್ಕವರಲ್ಲಿ ಉಳಿದವಳೂ ನಾನೊಬ್ಬಳೇ.

"ಅಂಚು ಗಲೀಜುಂಟು, ಕತ್ತರಿಸುದಾ?" ಎಂದರು ಅಂಗಡಿಯವರು.

"ಬೇಡ. ಅದು ಕಾಣುವ ಹಾಗೆಯೇ ಹಾಕಿ."

"ಯಾರು ಬಿಡಿಸಿದ್ದು ಇದು?"

"ನನ್ನ ಮಾವ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಕೇಳಿಸಿಕೊಂಡವರು ಗುರುತಿಲ್ಲದ ಒಬ್ಬ ಅಂಗಡಿಯವರು.